ಸಭೆಗೆ ಹೇಳುವ ಮೊದಲು

ಹೋದ ವರ್ಷ ಗೆಳೆಯನೊಬ್ಬನ ಮೇಲಿನ ಸಿಟ್ಟನ್ನು ನೇರವಾಗಿ ವಾಟ್ಸಾಪ್ ಗುಂಪಿಗೆ ಸುರಿದೆ. ಕೊಟ್ಟ ಸಾಲ ವಾಪಸ್ ಬಂದಿರಲಿಲ್ಲ. ನಾಲ್ಕಾರು ಜನ ಹೆಬ್ಬೆರಳು ಎತ್ತಿದರು, ಅವನು ಗುಂಪು ಬಿಟ್ಟ. ಸಿಕಂದರಾಬಾದಿನ ಅದೇ ಮನೆಯ ಪಕ್ಕದ ಕೋಣೆಯಲ್ಲಿದ್ದವನ ಬಾಗಿಲು ತಟ್ಟಿ ನಾನು ಒಂದು ಮಾತು ಕೇಳಿರಲಿಲ್ಲ.

ಕ್ರೈಸ್ತನಲ್ಲದ ನಾನು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ಓದಿದ್ದು ಅದಾದ ಮೇಲೆ. ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಓದಿದ ನಮ್ಮಂಥವರಿಗೆ ಗೊತ್ತಿರುವುದು ಕಡೆಯ ದಿನದ ಕ್ರಿಸ್ತ, ಶಿಲುಬೆಯ ಮೇಲಿಂದಲೇ ಕ್ಷಮಿಸಿದವನು. ಆ ಎತ್ತರಕ್ಕೆ ಕೈ ಮುಗಿಯಬಹುದು, ಏರುವುದು ಕಷ್ಟ. ಮತ್ತಾಯನಲ್ಲಿ ಸಿಗುವವನು ಬೇರೆ ಕ್ರಿಸ್ತ, ಜಗಳ ಬಿಡಿಸುವ ಮನೆಯ ಹಿರಿಯನ ಹಾಗೆ ಮಾತಾಡುತ್ತಾನೆ. ತಪ್ಪು ಮಾಡಿದವನ ಬಳಿ ಮೊದಲು ಒಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಮಾತ್ರ ಎಲ್ಲರ ಮುಂದಿಡು. ಹೋಗುವುದು ವಾದ ಗೆಲ್ಲಲಿಕ್ಕಲ್ಲ, ಸಹೋದರನನ್ನು ಗೆಲ್ಲಲಿಕ್ಕೆ. ನಾನು ಮೂರನೆಯ ಮೆಟ್ಟಿಲಿನಿಂದಲೇ ಶುರು ಮಾಡಿದ್ದೆ.

ಆ ಮೂರನೆಯ ಮೆಟ್ಟಿಲಿಗೆ ಕನ್ನಡ ಬೈಬಲಿನಲ್ಲಿ 'ಸಭೆ' ಎಂಬ ಪದವಿದೆ, ಇಲ್ಲಿಯ ನೆರೆಹೊರೆಯವರ ತೆಲುಗು ಬೈಬಲಿನಲ್ಲಿ 'ಸಂಘ'. ಊರು ಬಿಟ್ಟು ಬಂದ ನಮಗೆ ಸಂಘವೆಂದರೆ ರಾಜ್ಯೋತ್ಸವ, ಚಂದಾ, ಚುನಾವಣೆ. ಸಭೆ ಎಂದರೆ ಕನ್ನಡ ಕಿವಿಗೆ ಮೊದಲು ಕೇಳುವುದು ದ್ರೌಪದಿಯ ಪ್ರಶ್ನೆ. ಅಲ್ಲಿ ಭೀಷ್ಮನಿದ್ದ, ದ್ರೋಣನಿದ್ದ, ಉತ್ತರ ಇರಲಿಲ್ಲ. ಈ ಅಧ್ಯಾಯದ ಬಗ್ಗೆ ನನ್ನ ತಕರಾರು ಇರುವುದೂ ಅಲ್ಲೇ. ಇಬ್ಬರೂ ಸಮಾನರಾಗಿದ್ದಾಗ 'ಒಬ್ಬನೇ ಹೋಗು' ಒಳ್ಳೆಯ ಮಾತು. ತಪ್ಪು ಮಾಡಿದವನು ಮೇಲಧಿಕಾರಿಯೋ, ಹೊಡೆಯುವ ಗಂಡನೋ, ಪಾದ್ರಿಯೇ ಆಗಿದ್ದರೆ ಒಂಟಿಯಾಗಿ ಹೋಗು ಎನ್ನುವುದು ಅಪಾಯದ ಸಲಹೆ. ಅಂಥಲ್ಲಿ ಈ ಮಾತನ್ನು ದೂರು ಕೊಡುವವಳ ಬಾಯಿ ಮುಚ್ಚಿಸಲು ಬಳಸಬಾರದು.

ಹಾಗಂತ ಪಠ್ಯ ಬಲ್ಲವರ ಪರ ನಿಂತಿದೆ ಎನ್ನಲಾಗದು. ಎಷ್ಟು ಸಲ ಕ್ಷಮಿಸಬೇಕು ಎಂದು ಪೇತ್ರ ಕೇಳಿದಾಗ ಬರುವ ಕತೆ ನೋಡಿ. ಅರಸ ಒಬ್ಬ ಆಳಿಗೆ ಹತ್ತು ಸಾವಿರ ತಲಾಂತುಗಳ ಸಾಲ ಬಿಡುತ್ತಾನೆ. ಅವನು ಹೊರಗೆ ಬಂದು, ನೂರು ದಿನಾರಿ ಕೊಡಬೇಕಾದ ಜೊತೆಯ ಆಳಿನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಮನ್ನಾ ಆದದ್ದು 6 ಕೋಟಿ ದಿನಗಳ ಕೂಲಿ. ಇದನ್ನು ವಿವರಿಸುವವರು ಸಾಮಾನ್ಯವಾಗಿ ಎರಡನೆಯ ಸಾಲ ಪುಡಿಗಾಸು ಎಂದುಬಿಡುತ್ತಾರೆ. ನೂರು ದಿನದ ಕೂಲಿ ಪುಡಿಗಾಸಲ್ಲ, ಮೂರು ತಿಂಗಳ ಸಂಬಳ. ನಮಗಾದ ನೋವು ಸುಳ್ಳು ಎಂದು ಕತೆ ಹೇಳುವುದಿಲ್ಲ. ಅದು ನಿಜ, ಆದರೂ ಕುತ್ತಿಗೆ ಬಿಡು ಎನ್ನುತ್ತದೆ. ಕೊನೆಗೆ ಅನ್ಯಾಯವನ್ನು ಅರಸನಿಗೆ ತಿಳಿಸುವವರೂ ಜೊತೆಯ ಆಳುಗಳೇ. ಅವರು ಕುರುಸಭೆಯ ಹಿರಿಯರ ಹಾಗೆ ಸುಮ್ಮನಿರಲಿಲ್ಲ.

ಯಾರ ಮಾತನ್ನೂ ಕೇಳದವನನ್ನು ಸುಂಕದವನಂತೆ ಎಣಿಸು ಎಂಬ ಮಾತೂ ಇಲ್ಲಿದೆ. ಮೇಲುನೋಟಕ್ಕೆ ಅದು ಬಹಿಷ್ಕಾರ. ಆದರೆ ಇದೇ ಪುಸ್ತಕದ 9ನೇ ಅಧ್ಯಾಯದಲ್ಲಿ ಯೇಸು ಊಟಕ್ಕೆ ಕೂತದ್ದು ಸುಂಕದವರ ಜೊತೆಗೇ. ಬಾಗಿಲು ಹಾಕಿದರೂ ಚಿಲಕ ಹಾಕಿಲ್ಲ.

ಗೆಳೆಯ ಈಗ ಮಿಯಾಪುರದಲ್ಲಿದ್ದಾನೆ. ಮೆಟ್ರೋದಲ್ಲಿ ಒಂದು ಗಂಟೆಯೂ ಬೇಡ. ಈ ಭಾನುವಾರ ಒಬ್ಬನೇ ಹೋಗಬೇಕೆಂದಿದ್ದೇನೆ. ಸಾಲದ ಮಾತು ಆಮೇಲೆ. ಗುಂಪಿನಲ್ಲಿ ಬರೆದದ್ದು ನನ್ನ ತಪ್ಪು, ಮೊದಲು ಅದನ್ನು ಹೇಳಬೇಕು.