ಈ ಪ್ರಸಾದ ನಾಯಿಗಲ್ಲ

ಹಣ್ಣು ತಿನ್ನದಿದ್ದರೆ ನಾಯಿಗೆ ಏನೂ ಆಗುವುದಿಲ್ಲ. ಸಿ ವಿಟಮಿನ್ನಿಗಾಗಿ ನಾವು ನೆಲ್ಲಿ, ನಿಂಬೆ, ಸೀಬೆ ಎಂದು ಹುಡುಕಬೇಕು. ನಾಯಿ ಅದನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಆರೋಗ್ಯದ ಹೆಸರಿನಲ್ಲಿ ದಿನಾ ಬಟ್ಟಲು ತುಂಬ ಹಣ್ಣು ಹೆಚ್ಚಿಡುವವರ ಉತ್ಸಾಹ ನನಗೆ ಹಿಡಿಸದು. ಹಾಗೆಂದು ಕೊಡಲೇಬಾರದು ಎನ್ನುವ ಮಡಿವಂತನೂ ನಾನಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ನಾಯಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಮಾವಿನಹಣ್ಣು ಹೆಚ್ಚುವಾಗ ಈಳಿಗೆಮಣೆಯ ಪಕ್ಕ ಬಂದು ಕೂರುವುದು ಯಾರೆಂದು ಎರಡನ್ನೂ ಸಾಕಿದವರನ್ನು ಕೇಳಿ. ಬಾಯಿರುಚಿಗೆ ಕೊಡೋಣ. ಬರೀ ಬಾಯಿರುಚಿಯ ವಿಷಯವಾದ್ದರಿಂದಲೇ, ಅನುಮಾನವಿರುವ ಹಣ್ಣನ್ನು ಮುಲಾಜಿಲ್ಲದೆ ಬಿಟ್ಟುಬಿಡೋಣ.

ದ್ರಾಕ್ಷಿ ಕೊಡಬಾರದೆಂದು ಈಗ ಬಹಳ ಜನಕ್ಕೆ ಗೊತ್ತು. ಮರೆತುಹೋಗುವುದು ಒಣದ್ರಾಕ್ಷಿ. ರಾಮನವಮಿಯ ರಸಾಯನದಲ್ಲಿ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯದಲ್ಲಿ, ಶಾವಿಗೆ ಪಾಯಸದಲ್ಲಿ ಅದು ತುಪ್ಪ ಕುಡಿದು ಉಬ್ಬಿಕೊಂಡು ಕೂತಿರುತ್ತದೆ. ‘ಪಾಪ, ಅದಕ್ಕೂ ಒಂಚೂರು ಹಾಕ್ರೋ’ ಎಂದು ಅಜ್ಜಿ ಹೇಳಿದರೆ ಇಲ್ಲ ಎನ್ನುವವರು ಯಾರು? ನೀರಿನಂಶ ಹೋಗಿ ಸಾರವೆಲ್ಲ ಗಟ್ಟಿಯಾಗಿರುವುದರಿಂದ, ತೂಕಕ್ಕೆ ತೂಕ ಹಿಡಿದರೆ ಹಸಿ ದ್ರಾಕ್ಷಿಗಿಂತ ಇದರ ಕಾಟವೇ ಹೆಚ್ಚು.

ಒಂದು ನಾಯಿ ಹಿಡಿ ದ್ರಾಕ್ಷಿ ತಿಂದೂ ಆರಾಮಾಗಿ ಓಡಾಡಿಕೊಂಡಿದ್ದರೆ, ಇನ್ನೊಂದಕ್ಕೆ ಕೆಲವೇ ಹಣ್ಣಿಗೆ ಕಿಡ್ನಿ ಕೆಡುತ್ತಿತ್ತು. ಯಾಕೆಂಬುದು ವರ್ಷಗಟ್ಟಲೆ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿವಿಷ ಕೇಂದ್ರದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟುಮಾಡಿದರು. ಸುಳಿವು ಸಿಕ್ಕಿದ್ದು ದ್ರಾಕ್ಷಿಯನ್ನೇ ಮೂಸದ ನಾಯಿಯಿಂದ: ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ್ದ ಹಿಟ್ಟಿನ ಮುದ್ದೆಯನ್ನು ಅದು ತಿಂದಿತ್ತು, ಮುದ್ದೆಯಲ್ಲಿ ಇದೇ ಆಮ್ಲದ ಲವಣವಾದ ಕ್ರೀಮ್ ಆಫ್ ಟಾರ್ಟರ್ ಇತ್ತು. ದ್ರಾಕ್ಷಿಯಲ್ಲಿ ಈ ಆಮ್ಲ ಎಷ್ಟಿರುತ್ತದೆ ಎಂಬುದು ತಳಿಗೊಂದು ಥರ, ಮಾಗಿದ ಹದಕ್ಕೊಂದು ಥರ. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಲೆಕ್ಕ ಯಾರೂ ಕೊಡದಿರುವುದು ಅದಕ್ಕೇ.

ಇದೇ ಆಮ್ಲ ಧಾರಾಳವಾಗಿರುವ ಇನ್ನೊಂದು ಹಣ್ಣು ನಮ್ಮ ಅಡುಗೆಮನೆಯ ಭರಣಿಯಲ್ಲೇ ಇದೆ. ಹುಣಸೆ ತಿಂದ ನಾಯಿಗಳಲ್ಲೂ ಇಂಥದೇ ಕಿಡ್ನಿಹಾನಿ ಆದದ್ದು 2022ರಲ್ಲಿ ವರದಿಯಾಯಿತು. ವಿದೇಶದ ಪಟ್ಟಿಗಳು ಬ್ಲೂಬೆರಿ, ಕ್ರ್ಯಾನ್‌ಬೆರಿಗಳ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ನಮಗೆ ಬೇಕಾದದ್ದು ಈ ಒಂದು ಸಾಲು. ಹೊಸ ಹುಣಸೆಯನ್ನು ಅಂಗಳದಲ್ಲಿ ಒಣಹಾಕಿ, ಬೀಜ ಬಿಡಿಸಿ, ಉಪ್ಪು ಬೆರೆಸಿ ಉಂಡೆ ಕಟ್ಟುವ ದಿನ ನಾಯಿ ಅತ್ತ ಸುಳಿಯದಿರಲಿ. ಪುಳಿಯೋಗರೆ ಗೊಜ್ಜಿನ ಬಾಣಲೆಯನ್ನೂ ಅದಕ್ಕೆ ನೆಕ್ಕಲು ಬಿಡಬೇಡಿ. ಸಾರನ್ನವೂ ಬೇಡ, ಅದರಲ್ಲಿ ಹುಳಿಯ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ, ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ತಿಂದೇಬಿಟ್ಟಿತು ಅನ್ನಿ. ವಾಂತಿಯಾಗಲಿ ನೋಡೋಣ ಎಂದು ಕಾಯುವುದು ಬೇಡ. ಲಕ್ಷಣ ಕಾಣುವ ಮೊದಲೇ ಡಾಕ್ಟರ ಹತ್ತಿರ ಒಯ್ಯಬೇಕು. ಉಪ್ಪುನೀರು ಕುಡಿಸಿ ಕಕ್ಕಿಸುವ ಮನೆಮದ್ದಂತೂ ಸುತರಾಂ ಕೂಡದು. ರಕ್ತದಲ್ಲಿ ಸೋಡಿಯಂ ಏರಿದರೆ ಅದೇ ಪ್ರಾಣಕ್ಕೆ ಎರವಾದೀತು. ಕಕ್ಕಿಸುವ ಔಷಧ, ಡ್ರಿಪ್ ಎಲ್ಲ ಅವರಲ್ಲಿದೆ.

ಉಳಿದ ಬಹುತೇಕ ಹಣ್ಣುಗಳಲ್ಲಿ ತೊಂದರೆ ತಿರುಳಿನದಲ್ಲ, ಬೀಜದ್ದು. ಚೀಪಿ ಬಿಸಾಕಿದ ಮಾವಿನ ಗೊರಟೆ ನಾಯಿಗೆ ಪರಮಪ್ರಿಯ. ಮೊದಲು ನೆಕ್ಕುತ್ತದೆ, ಆಮೇಲೆ ಕಚ್ಚುತ್ತದೆ, ಯಾರಾದರೂ ಕಿತ್ತುಕೊಳ್ಳಲು ಹೋದರೆ ಗುಳುಂ ಎಂದು ನುಂಗಿಬಿಡುತ್ತದೆ. ಗೊರಟೆ ಕರುಳಿಗೆ ಅಡ್ಡ ಕೂತರೆ ಆಪರೇಷನ್ನೇ ಗತಿ. ಅದಕ್ಕೇ ಬಾಯಿಗೆ ಕೈಹಾಕಿ ಎಳೆದಾಡದೆ, ಅದಕ್ಕಿಂತ ಘಮಘಮಿಸುವ ಏನನ್ನಾದರೂ ತೋರಿಸಿ ಬಿಡಿಸಿಕೊಳ್ಳಿ. ಸಪೋಟದ ಬೀಜವನ್ನು ಬೆರಳ ತುದಿಯಲ್ಲಿ ಸವರಿ ನೋಡಿ: ನುಣ್ಣಗೆ ಹೊಳೆಯುವ ಕಪ್ಪು ಮೈ, ಒಂದು ತುದಿಯಲ್ಲಿ ಸಣ್ಣ ಕೊಕ್ಕೆ. ಗಂಟಲಿಗೆ ಸಿಕ್ಕಿಕೊಳ್ಳಲು ಅಷ್ಟು ಸಾಕು. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುವವರಿಗೆ ಅದರ ಖಾರ ಗೊತ್ತು. ಕಣ್ಣಿಗೆ ಬಿದ್ದರೆ ಕಣ್ಣೇ ಹಾಳಾದೀತು. ನಾಯಿ ಅದನ್ನು ಜಗಿಯಬಾರದು. ಸೇಬಿನ ನಡುಗಟ್ಟು ತೆಗೆದರಾಯಿತು. ಬೆಣ್ಣೆಹಣ್ಣಿನದು ಜಿಡ್ಡಿನ ತಕರಾರು, ನಾನಂತೂ ಕೊಡುವುದಿಲ್ಲ.

ಎಷ್ಟು ಕೊಡಬೇಕು? ತಿಂಡಿತೀರ್ಥವೆಲ್ಲ ಸೇರಿ ದಿನದ ಕ್ಯಾಲೊರಿಯ ಶೇಕಡ 10 ಮೀರಬಾರದು. ಹತ್ತು ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಎಂದಿಟ್ಟುಕೊಂಡರೆ, ಒಂದು ಏಲಕ್ಕಿ ಬಾಳೆಹಣ್ಣಿಗೇ ಅಂದಿನ ಕೋಟಾ ಹೆಚ್ಚುಕಡಿಮೆ ಮುಗಿಯಿತು. ಸಕ್ಕರೆ ಕಾಯಿಲೆಯ ನಾಯಿಗೆ ಡಾಕ್ಟರನ್ನು ಕೇಳದೆ ಅದೂ ಬೇಡ. ಲ್ಯಾಬ್ರಡಾರ್ ಸಾಕಿದವರು ಮಾತ್ರ ಕಲ್ಲಂಗಡಿಯ ಮೊರೆಹೋಗುವುದು ಜಾಣತನ. ಆ ಜಾತಿಯ ಸುಮಾರು ಕಾಲು ಭಾಗ ನಾಯಿಗಳಲ್ಲಿ ಹಸಿವು ಹೆಚ್ಚಿಸುವ ಜೀನ್ ದೋಷವಿದೆ ಎಂದು 2016ರಲ್ಲಿ ಗೊತ್ತಾಗಿದೆ, ಉಂಡು ಎದ್ದ ಕೂಡಲೇ ಅವು ಮತ್ತೆ ಬಂದು ಮುಖ ನೋಡುತ್ತವೆ. ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿಯ 100 ಗ್ರಾಮಿನಲ್ಲಿ ಇರುವುದೇ 30 ಕ್ಯಾಲೊರಿ. ಸಣ್ಣಗೆ ಹೆಚ್ಚಿ, ಫ್ರಿಜ್ಜಿನಲ್ಲಿಟ್ಟು, ಒಂದೊಂದೇ ತುಂಡು ಹಾಕಿದರೆ ಸಂಜೆಯ ತಕರಾರು ತೀರುತ್ತದೆ.