ಮುಷ್ಕರದ ಹಾಳೆಯಲ್ಲಿ ಯಾರ ದನಿ?

1974ರ ಮೇ 8ರಿಂದ 27ರವರೆಗೆ ಸುಮಾರು 17 ಲಕ್ಷ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಮುಂದಾಳು, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮೇ 2ರಂದೇ ಬಂಧನವಾಗಿದ್ದರು. ಕಾರ್ಮಿಕರು ಕೇಳಿದ್ದು ಎಂಟು ಗಂಟೆ ದುಡಿಮೆ, ಬೋನಸ್ಸು. ಸಾವಿರಾರು ಜನಕ್ಕೆ ಸಿಕ್ಕಿದ್ದು ಜೈಲು. ಹೆಂಡತಿ ಮಕ್ಕಳನ್ನು ಕ್ವಾರ್ಟರ್ಸಿನಿಂದ ಬೀದಿಗೆ ತಳ್ಳಿದರು. ಆಕಾಶವಾಣಿ ಸರ್ಕಾರದ ಕೈಲಿತ್ತು. ಹಾಗಾದರೆ ನಮ್ಮ ಅರಸೀಕೆರೆಯಂಥ ಜಂಕ್ಷನ್ನಿನ ಗ್ಯಾಂಗ್‌ಮನ್ನಿಗೆ ಅವನ ಹೋರಾಟದ ಸುದ್ದಿ ಹೇಳೋರು ಯಾರು? ಮುಷ್ಕರಕ್ಕೆ ಪತ್ರಿಕೆ ಬೇಕಾಗೋದು ಇಲ್ಲೇ.

ಆದರೆ ಎಂಥ ಪತ್ರಿಕೆ? 1926ರ ಮೇ ತಿಂಗಳ ಬ್ರಿಟನ್ನಿನ ಸಾರ್ವತ್ರಿಕ ಮುಷ್ಕರದಲ್ಲಿ ಚರ್ಚಿಲ್ ಸರ್ಕಾರದ ಪರ 'ಬ್ರಿಟಿಷ್ ಗೆಜೆಟ್' ನಡೆಸಿದ. ಕಾರ್ಮಿಕ ಸಂಘಗಳ ಕಾಂಗ್ರೆಸ್ಸು 'ಬ್ರಿಟಿಷ್ ವರ್ಕರ್' ತಂದಿತು. ಕಾಗದ ತಡೆದಾಗ ಎಂಟು ಪುಟವನ್ನು ನಾಲ್ಕಕ್ಕಿಳಿಸಿ ನಡೆಸಿದರು. ಅದು ದೊಡ್ಡ ಕೆಲಸವೇ. ಆದರೆ ಆ ಪತ್ರಿಕೆ ನಾಯಕ ಮಂಡಳಿಯ ಬಾಯಿ. ಮೇ 12ರಂದು ಮಂಡಳಿ ಗಣಿ ಕಾರ್ಮಿಕರನ್ನು ಒಂಟಿ ಮಾಡಿ ಮುಷ್ಕರ ಹಿಂತೆಗೆಯಿತು. ಮಂಡಳಿಯ ಬಾಯಿ ಮಂಡಳಿಯನ್ನೇ ಪ್ರಶ್ನಿಸೋದೆಂತು?

ಬೇಲೂರಿನ ಗುಡಿಯ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನ ಹೆಸರುಗಳಿವೆ. ಕೆತ್ತಿದವನು ತನ್ನ ಹೆಸರು ಉಳಿಸಿದ, ಸಂತೋಷ. ಅಲ್ಲಿಗೂ ಹಳೇಬೀಡಿಗೂ ಕಲ್ಲು ಹೊತ್ತವರ ಹೆಸರು ಎಲ್ಲಿ? ನಮ್ಮ ಹೋರಾಟದ ಪತ್ರಿಕೆಗಳೂ ಹೀಗೇ ಆಗಿವೆ. ಬರೆದವನ ಹೆಸರಿರುತ್ತೆ, ಹೊತ್ತವನ ಮಾತಿರೋದಿಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. 2025ರ ಜುಲೈ 9ರಂದು ಕಾರ್ಮಿಕ ಸಂಹಿತೆಗಳ ವಿರುದ್ಧ ದೇಶದಾದ್ಯಂತ ಮುಷ್ಕರ ನಡೆದಾಗ ನಾವು ನಾಲ್ಕು ಜನ ಒಂದು ಹಾಳೆ ಜೆರಾಕ್ಸ್ ಮಾಡಿಸಿ ಹಂಚಿದೆವು. ಬರೆದವನು ನಾನು. ಬಂಡವಾಳಶಾಹಿ, ಸಾಮ್ರಾಜ್ಯಶಾಹಿ ಎಲ್ಲಾ ಇತ್ತು. ರಸ್ತೆ ಗುಡಿಸೋ ಅಕ್ಕ ಒಬ್ಬರು ನನ್ನಿಂದಲೇ ಓದಿಸಿ ಕೇಳಿದರು. ಆಮೇಲೆ ಅಂದರು: "ಎಲ್ಲಾ ಸರಿ ಕಣಪ್ಪ, ನನ್ ಕೈಗೆ ಗ್ಲೌಸ್ ಕೊಟ್ಟಿಲ್ಲ ಅನ್ನೋದು ಇದ್ರಲ್ಲಿ ಎಲ್ಲೈತೆ?"

ನನ್ನ ಅವ್ವನೂ ಕೂಲಿಯವಳೇ. ನಮ್ಮ ಮನೇಲಿ ಮೊದಲು ಡಿಗ್ರಿ ಮಾಡಿದವನು ನಾನು. ಆ ಡಿಗ್ರಿ ನನ್ನ ಬಾಯಿಂದ ಅವ್ವನ ಮಾತನ್ನೇ ಕಿತ್ತುಕೊಂಡಿತ್ತು.

ಗೆಳೆಯರೇ, ಹಳ್ಳಿ ಮೇಷ್ಟ್ರುಗಳೇ, ಮುಂದಿನ ಹಾಳೆಗೆ ಮೊದಲು ಕಿವಿ ಕೊಡೋಣ. ಅವರು ಹೇಳಿದ್ದನ್ನು ಬರೆದು, ಅವರಿಗೇ ಓದಿ ಹೇಳಿ, ಒಪ್ಪಿದ ಮೇಲೆ ಅಚ್ಚು ಹಾಕೋಣ. ಹೆಸರು ಹಾಕಿದರೆ ಕೆಲಸ ಹೋಗುತ್ತೆ ಅನ್ನೋದಾದರೆ ಹೆಸರು ಬೇಡ. ಆದರೆ ಮಾತು ಅವರದೇ ಇರಲಿ.