ಮೊದಲ ಕೈ ಯಾರದು?

ಹಳಹಳಿಕೆ ಕನ್ನಡ ಗದ್ಯದ ದೊಡ್ಡ ಆಸ್ತಿ. ಅಜ್ಜನ ಮನೆಯ ಚಾವಡಿ, ಹಿತ್ತಾಳೆಯ ಕೊಡಪಾನ, ಗ್ರಾಮಫೋನು, ದೂರದ ಬಯಲಿನಿಂದ ಕೇಳಿಸುವ ಆಟದ ಚೆಂಡೆ - ಇವು ಬಂದ ಕೂಡಲೇ ನಮ್ಮ ಬರಹ ಮೆತ್ತಗಾಗುತ್ತದೆ. ಪೇಟೆ ಸೇರಿದವನು ಊರನ್ನು ನೆನೆಯುತ್ತಾನೆ, ಓದುವವನ ಕಣ್ಣೂ ಒದ್ದೆಯಾಗುತ್ತದೆ. ಇದನ್ನು ಸಂವೇದನೆ ಅಂತ ಕರೆದು ವಿಮರ್ಶೆಯ ಆಚೆಗೆ ಇಟ್ಟುಬಿಟ್ಟಿದ್ದೇವೆ. ದಲಿತ ವಿಮರ್ಶೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬಹಳ ಸರಳವಾದದ್ದು. ನೆನಪಿಗೆ ಬರುವ ಈ ವಸ್ತುವನ್ನು ಮಾಡಿದವರು ಯಾರು, ಹೊತ್ತವರು ಯಾರು, ಬಾರಿಸಿದವರು ಯಾರು? ಸೆಕೆಂಡ್ ಹ್ಯಾಂಡ್ ಅಂತ ಸಲೀಸಾಗಿ ಹೇಳುತ್ತೇವಲ್ಲ, ಹಾಗಾದರೆ ಮೊದಲ ಕೈ ಯಾರದು?

ಈ ಪ್ರಶ್ನೆ ಇಟ್ಟುಕೊಂಡು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ನೋಡಬಹುದು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ವಿಜಯನಾಥ ಶೆಣೈ (2017ರಲ್ಲಿ ತೀರಿಕೊಂಡರು) ಬಿದ್ದುಹೋಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಕಂಬಕ್ಕೆ ಕಂಬ ಜೋಡಿಸಿ ಮತ್ತೆ ನಿಲ್ಲಿಸಿದರು. ಕಾಪು ಕಡೆಯ ಕುಂಜೂರಿನ ಚೌಕಿಮನೆ ಅಲ್ಲಿದೆ, ಮುಧೋಳದ ಅರಮನೆಯ ದರ್ಬಾರ್ ಹಾಲ್ ಅಲ್ಲಿದೆ. ಗುಜರಿಗೆ ಹೋಗಬೇಕಾಗಿದ್ದ ಮರ, ಲೋಹ, ಮಣ್ಣು ಉಳಿದದ್ದು ಸಣ್ಣ ಸಂಗತಿಯಲ್ಲ. ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಇಂಥ ಚೌಕಿಮನೆಗಳ ಅಂಗಳ ದಾಟಲು ನನ್ನ ಅಜ್ಜಿಯ ತಲೆಮಾರಿಗೆ ಅವಕಾಶ ಇರಲಿಲ್ಲ. ನಾನು ಟಿಕೆಟು ತೆಗೆದುಕೊಂಡು ಒಳಗಿನ ಕೋಣೆಯವರೆಗೂ ಹೋಗಿ ಬಂದೆ. ಮನೆ ತನ್ನ ಊರನ್ನು ಬಿಟ್ಟು ಬಂದ ಮೇಲೆ ಅದರ ಬಾಗಿಲು ನನಗೆ ತೆರೆಯಿತು. ಇದನ್ನು ಪರಂಪರೆಯ ಉಳಿವು ಅನ್ನುವುದೋ, ಅದರಿಂದ ಬಿಡುಗಡೆ ಅನ್ನುವುದೋ? ಕೆತ್ತನೆಯ ಚೆಂದವನ್ನು ನೋಡುವ ಕಣ್ಣಿಗೆ ಅಂಗಳದ ಗೆರೆಯೂ ಕಾಣದಿದ್ದರೆ ಅದು ಅರ್ಧ ನೋಟ.

ನನ್ನ ಬಾಲ್ಯದ ಸಂಗೀತ ಉಡುಪಿಯ ಒಂದು ಗುಜರಿ ಅಂಗಡಿಯಿಂದ ಕಾಪು ಹತ್ತಿರದ ನಮ್ಮ ಕಾಲನಿಗೆ ಬಂತು. ಅಪ್ಪ ಮಣಿಪಾಲಕ್ಕೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಶನಿವಾರ ಬಟವಾಡೆಯ ದುಡ್ಡಿನಲ್ಲಿ ಹಳೆ ಟೇಪ್‌ರೆಕಾರ್ಡರ್ ಒಂದನ್ನು, ನಾಲ್ಕು ಕ್ಯಾಸೆಟ್ಟುಗಳನ್ನು ತಂದರು. ಕ್ಯಾಸೆಟ್ಟುಗಳಲ್ಲಿ ಇದ್ದದ್ದು ತಾಳಮದ್ದಳೆ. ಕ್ಯಾಸೆಟ್ಟಿನ ಅಂಚಿನ ಎರಡು ತೂತುಗಳಿಗೆ ಗಮ್‌ಟೇಪ್ ಹಚ್ಚಿದರೆ ಅದರ ಮೇಲೆಯೇ ಬೇರೆ ರೆಕಾರ್ಡು ಮಾಡಬಹುದು ಅಂತ ಅಂಗಡಿಯವನೇ ಹೇಳಿಕೊಟ್ಟಿದ್ದನಂತೆ. ಅಪ್ಪ ಅಜ್ಜಿಯನ್ನು ಕೂರಿಸಿ, ನೇಜಿ ನೆಡುವಾಗ ಹೇಳುತ್ತಿದ್ದ ತುಳು ಕಬಿತಗಳನ್ನು ಅದರಲ್ಲಿ ತುಂಬಿಸಿದರು. ಅಜ್ಜಿ ನಿಲ್ಲಿಸಿದ ಜಾಗದಲ್ಲಿ ಅರ್ಥಧಾರಿಯ ಸ್ವರ ಅರ್ಧ ವಾಕ್ಯದಿಂದ ಶುರುವಾಗುತ್ತಿತ್ತು, ನಾವು ಮಕ್ಕಳು ನಗುತ್ತಿದ್ದೆವು. ಇದನ್ನು ಇಲ್ಲಿ ಹಳಹಳಿಕೆಗಾಗಿ ಹೇಳುತ್ತಿಲ್ಲ. ಅಜ್ಜಿ ನೆಟ್ಟ ಗದ್ದೆ ಬೇರೆಯವರದ್ದು, ಭತ್ತ ಬೇರೆಯವರದ್ದು. ಟೇಪ್‌ರೆಕಾರ್ಡರ್ ಸಹ ಯಾರೋ ಬಿಟ್ಟದ್ದು. ಹಾಡು ಮಾತ್ರ ಅವಳದ್ದು. ಕೆಲಸದ ಹಂಗಿಲ್ಲದೆ, ಬೆನ್ನು ಬಗ್ಗಿಸದೆ, ಕೂತು ಹಾಡಿದ್ದು ಅದೇ ಮೊದಲು ಅಂತ ಅವಳೇ ಹೇಳುತ್ತಿದ್ದಳು. ದಲಿತ ಬಾಲ್ಯದ ನೆನಪು ಹೀಗೆ ಇನ್ನೊಬ್ಬರ ಸ್ವರದ ಮೇಲೆ ತನ್ನ ಸ್ವರ ಹತ್ತಿಸಿಕೊಂಡೇ ಬರುತ್ತದೆ. ಅದನ್ನು ಓದುವ ಕ್ರಮ ನಮ್ಮ ವಿಮರ್ಶೆಗೆ ಇನ್ನೂ ಪೂರ್ತಿ ಒಗ್ಗಿಲ್ಲ.

ಹಾಗೆ ಓದಲು ಹೊರಟರೆ ಮೊದಲು ಎದುರಾಗುವುದು 'ಚೋಮನ ದುಡಿ'. ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರು ಮಾಡಿದ ಸಿನಿಮಾ 1975ರದ್ದು, ಅದಕ್ಕೆ ಸ್ವರ್ಣಕಮಲವೂ ಬಂತು. ಚೋಮ ಬದುಕಿಡೀ ಬಯಸಿದ್ದು ಬೇಸಾಯ ಮಾಡಲು ಒಂದು ತುಂಡು ಭೂಮಿ. ಆದರೆ ಕನ್ನಡದ ಓದುಗನಿಗೆ ನೆನಪುಳಿದದ್ದು ದುಡಿ. ಸಾಯುವ ತನಕ ಬಾರಿಸಿದ ಆ ದುಡಿಯ ನಾದದಲ್ಲಿ ನಾವು ದುಃಖದ ರಸವನ್ನು ಅನುಭವಿಸಿದೆವು, ಭೂಮಿಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಇದು ಕಾರಂತರ ಮೇಲಿನ ಆರೋಪವಲ್ಲ. ಆ ಕಾಲದಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಪ್ರಶ್ನೆ ಇರುವುದು ನಮ್ಮ ಓದಿನ ಅಭಿರುಚಿಯ ಬಗ್ಗೆ.

ಯಾಕೆಂದರೆ ಈ ಅಭಿರುಚಿ ಪುಸ್ತಕದ ಹೊರಗೂ ಕೆಲಸ ಮಾಡುತ್ತದೆ. ಕರಾವಳಿಯ ಕೊರಗರ ಡೋಲನ್ನೇ ತೆಗೆದುಕೊಳ್ಳಿ. ಕೂಲಿ ಕೊಡದೆ ಅವರಿಂದ ಚಾಕರಿ ಮಾಡಿಸುವುದನ್ನು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವುದನ್ನು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದನ್ನು ನಿಷೇಧಿಸಲು 2000ದಲ್ಲಿ ಅಜಲು ನಿಷೇಧ ಕಾಯಿದೆಯೇ ಬೇಕಾಯಿತು. ಅದೇ ಡೋಲು ವೇದಿಕೆಗೆ ಬಂದರೆ ಜಾನಪದ ಸೊಬಗು, ಚಪ್ಪಾಳೆ. ಇನ್ನು 2021ರ ಡಿಸೆಂಬರ್ 27ರ ರಾತ್ರಿ ನಡೆದದ್ದನ್ನು ನೋಡಿ. ಉಡುಪಿ ಜಿಲ್ಲೆಯ ಕೋಟತಟ್ಟುವಿನಲ್ಲಿ ಕೊರಗರ ಮನೆಯೊಂದರ ಮೆಹಂದಿ ಕಾರ್ಯಕ್ರಮದಲ್ಲಿ ಡಿಜೆ ಹಾಕಿದ್ದರು. ಸದ್ದು ಹೆಚ್ಚಾಯಿತು ಅಂತ ಬಂದ ಪೊಲೀಸರು ಲಾಠಿ ಬೀಸಿದರು. ಪಿಎಸ್‌ಐ ಅಮಾನತಾದರು, ಏಟು ತಿಂದವರ ಮೇಲೂ ಕೇಸು ಬಿತ್ತು. ಕಾರಂತರ ಹುಟ್ಟೂರು ಕೋಟ; ಅವರ ಹೆಸರಿನ ಥೀಮ್ ಪಾರ್ಕ್ ಇರುವುದೂ ಈ ಕೋಟತಟ್ಟುವಿನಲ್ಲೇ. ಚೋಮನ ದುಡಿಗೆ ಕಿವಿಗೊಟ್ಟ ಸೀಮೆಗೆ ಕೊರಗರ ಮದುವೆ ಮನೆಯ ಸ್ಪೀಕರ್ ಗಲಾಟೆಯಾಗಿ ಕೇಳಿತು. ಕೊರಗರು ತಮಗಾಗಿ, ತಮ್ಮ ದುಡ್ಡಿನಲ್ಲಿ, ತಮ್ಮ ಸಂತೋಷಕ್ಕೆ ಹಾಕಿದ ಸಂಗೀತ ಅದು. ಹಳಹಳಿಕೆಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ವಾದ್ಯ ಕಟ್ಟುವವರ ಕತೆಯೂ ಬೇರೆಯಲ್ಲ. ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದು, ಮೃದಂಗಕ್ಕೆ ಚರ್ಮ ಹದಮಾಡಿ ಬಿಗಿಯುವ ದಲಿತ ಕ್ರೈಸ್ತ ಮನೆತನಗಳ ಕಡೆ ಕೈ ತೋರಿಸಿದರು. ಪುಸ್ತಕ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈಯ ಕಲಾಕ್ಷೇತ್ರ ವಾಪಸು ಪಡೆಯಿತು. ನಾದ ಬೇಕು, ಚರ್ಮದ ಮಾತು ಬೇಡ.

ಹಾಗಂತ ನಮ್ಮೊಳಗಿನ ಇಕ್ಕಟ್ಟನ್ನು ಮರೆಮಾಚಬೇಕಾಗಿಲ್ಲ. ಮೇಲುಜಾತಿಯವರ ಸಾವಿಗೆ, ಜಾತ್ರೆಗೆ ತಮಟೆ ಬಾರಿಸುವುದನ್ನು ಬಿಡಿ ಅಂತ ಹೇಳಿದ ಚಳವಳಿಯೇ ತನ್ನ ಮೆರವಣಿಗೆಯಲ್ಲಿ ತಮಟೆ ಹಿಡಿಯಿತು. ಅವಮಾನವನ್ನು ಬಿಸಾಡುವಾಗ ಅದರೊಂದಿಗೆ ಸಂಸ್ಕೃತಿಯ ನೆನಪೂ ಹೋಗಿಬಿಟ್ಟರೆ ಹೇಗೆ ಎಂಬ ಪ್ರಶ್ನೆಯನ್ನು ಡಿ.ಆರ್. ನಾಗರಾಜ್ 'ದಿ ಫ್ಲೇಮಿಂಗ್ ಫೀಟ್' (1993) ಪುಸ್ತಕದಲ್ಲಿ ಎತ್ತಿದ್ದರು. ಕಾರ್ಕಳದ ನನ್ನ ತರಗತಿಯಲ್ಲಿ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ. ಮನೆಯ ಹಳೆ ವಸ್ತುವೊಂದರ ಬಗ್ಗೆ ಬರೆಯಿರಿ ಅಂದಾಗ ಹಲವರು ಪುಟ ತುಂಬಿಸಿದರು. ಒಬ್ಬ ಹುಡುಗಿ, "ನಮ್ಮಲ್ಲಿ ಇಡುವಂಥದ್ದು ಏನಿಲ್ಲ ಸರ್, ಅಜ್ಜ ಬುಟ್ಟಿ ಹೆಣೆದು ಮಾರುತ್ತಿದ್ದರು ಅಷ್ಟೇ" ಅಂದಳು. ಎಷ್ಟೋ ಮನೆಗಳ ಅಟ್ಟದ ಮೇಲೆ ಈಗ ಹಳೆ ಕಾಲದ ಅಮೂಲ್ಯ ವಸ್ತುವಾಗಿ ಕೂತಿರುವುದು ಅಂಥದ್ದೇ ಬುಟ್ಟಿ. ಅವಳು ಬರೆಯಬೇಕಾದ್ದು ಆ "ಅಷ್ಟೇ" ಎಂಬ ಮಾತಿನಿಂದಲೇ.

ಕೊರಗ ಸಂಘಟನೆಗಳು ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತವೆ. ಅಲ್ಲಿ ಡೋಲು ಬಾರಿಸುತ್ತಾರೆ, ಭೂಮಿಯ ಹಕ್ಕನ್ನೂ ಕೇಳುತ್ತಾರೆ. ಚೋಮನಲ್ಲಿ ಬೇರೆಬೇರೆಯಾಗಿ ಉಳಿದುಹೋದ ವಾದ್ಯ ಮತ್ತು ನೆಲ ಅಲ್ಲಿ ಒಂದೇ ಮಾತಿನಲ್ಲಿ ಸೇರಿಕೊಳ್ಳುತ್ತವೆ. 'ಚೋಮನ ದುಡಿ'ಯನ್ನು ಪಾಠ ಮಾಡುವ ಗೆಳೆಯರು ತಮ್ಮ ವಿದ್ಯಾರ್ಥಿಗಳನ್ನು ಒಂದು ವರ್ಷವಾದರೂ ಆ ದಿನ ಅಲ್ಲಿಗೆ ಕರೆದುಕೊಂಡು ಹೋಗಲಿ.